ಅಪ್ಪನ ಕಾರಿನ ಮುಂದಿನ ಸೀಟು

ತೀರ್ಥರೂಪ ಅಪ್ಪನಿಗೆ,

ಇದರ ಕೆಳಗೆ 'ಸಾಷ್ಟಾಂಗ ನಮಸ್ಕಾರಗಳು' ಎಂದು ಬರೆಯಬೇಕೆಂದು ನೀನೇ ಕಲಿಸಿದ್ದೆ. ಬರೆಯುತ್ತಿಲ್ಲ. ದಿನವಿಡೀ ಬಸ್ಸಿನಲ್ಲಿ ನಿಂತು ಟಿಕೆಟ್ ಕೊಟ್ಟು ಬರುವವಳು ನಾನು, ಈ ಸೊಂಟ ಈಗ ಯಾರ ಕಾಲಿಗೂ ಬಾಗುವುದಿಲ್ಲ. ಕುಶಲ ಸಮಾಚಾರವನ್ನೂ ಕೇಳುವುದಿಲ್ಲ. ನಿನಗೊಂದು ಸುದ್ದಿ ಹೇಳುವುದಿದೆ, ಅಷ್ಟೇ. ನಿನ್ನ ಕಾರು ಮತ್ತೆ ಶುರುವಾಗಿದೆ. ಕುಷ್ಟಗಿಯ ಮನೆಯ ತಗಡಿನ ಶೆಡ್ಡಿನಲ್ಲಿ ತಾಡಪತ್ರಿ ಹೊದ್ದು ಮಲಗಿತ್ತಲ್ಲ, ಅದೇ ಬಿಳಿಯ ಸಣ್ಣ ಕಾರು. ಓಡಿಸುತ್ತಿರುವವಳು ನಾನೇ. "ಹೆಣ್ಮಕ್ಕಳ ಕೈಯಾಗ ಗಾಡಿ ಕೊಟ್ರ ಮನಿ ಉದ್ಧಾರ ಆದಂಗ" ಎನ್ನುತ್ತಿದ್ದೆ. ಉದ್ಧಾರವೇನೂ ಆಗಿಲ್ಲ, ಹಾಳೂ ಆಗಿಲ್ಲ. ಮನೆ ಇದ್ದ ಹಾಗೇ ಇದೆ.

ಅದು ಮನೆಗೆ ಬಂದ ದಿನ ನೆನಪಿದೆಯೇ? ನೀನು ನೀರಾವರಿ ಆಫೀಸಿನ ಗುಮಾಸ್ತ. ವರ್ಗವಾಗಿ ಹೋಗುತ್ತಿದ್ದ ಸಾಹೇಬರಿಂದ ಅದನ್ನು ಕೊಂಡು, ಓಣಿಯ ತುದಿಯಿಂದಲೇ ಹಾರ್ನ್ ಹೊಡೆಯುತ್ತಾ ಬಂದೆ. ನಮ್ಮ ಓಣಿಗೆ ಅದೇ ಮೊದಲ ಕಾರು. ಅವ್ವ ಆರತಿ ಎತ್ತಿ, ಕೈ ಒರೆಸಿಕೊಂಡು, ಹೊಸ ಸೀರೆಯ ನಿರಿಗೆ ಹಿಡಿದು ಮುಂದಿನ ಬಾಗಿಲಿಗೆ ಕೈ ಹಾಕಿದಳು. "ಹಿಂದ ಕುಂದರ. ಮುಂದಿನ ಸೀಟು ಮನಷ್ಯಾರಿಗೆ" ಎಂದೆ ನೀನು. ಜನ ನಕ್ಕರು, ಅವ್ವನೂ ನಕ್ಕಳು. ನೀನು ತಮಾಷೆ ಮಾಡಿದೆ ಎಂದುಕೊಂಡಿದ್ದಳು ಪಾಪ. ಆಮೇಲೆ ಆ ಸೀಟಿನಲ್ಲಿ ನಿನ್ನ ಗೆಳೆಯರು ಕೂತರು, ಕಾಕಾ ಕೂತ, ಯಾರೂ ಇಲ್ಲದ ದಿನ ನಿನ್ನ ಆಫೀಸಿನ ಚೀಲ ಕೂತಿತು. ಚೀಲದ ಹಿಂದೆ ಅವ್ವ, ಅವ್ವನ ತೊಡೆಯ ಮೇಲೆ ನಾನು.

ಪ್ರತಿ ಅಮಾವಾಸ್ಯೆಯೂ ನಮಗೆ ಆ ಕಾರಿನ ಹಬ್ಬ. ನಮ್ಮ ಕಡೆ ಸೈಕಲ್ಲಿನಿಂದ ಲಾರಿಯ ತನಕ ಎಲ್ಲದಕ್ಕೂ ಅಮಾವಾಸ್ಯೆಗೆ ಪೂಜೆ ಉಂಟು, ಅದು ತಪ್ಪಲ್ಲ. ಆದರೆ ನಿನ್ನ ಮಡಿ ಬೇರೆಯೇ. ತೊಳೆಯುವುದು ಅವ್ವ, ವಿಭೂತಿ ಹಚ್ಚುವುದು ನೀನು. ಮುಟ್ಟಾದ ದಿನಗಳಲ್ಲಿ ಅವಳು ಶೆಡ್ಡಿನ ಹತ್ತಿರ ಸುಳಿಯುವಂತಿರಲಿಲ್ಲ. ಹೆರಿಗೆಯ ಮನೆಗೆ, ಸಾವಿನ ಮನೆಗೆ ಕಾರು ಹೋಗುವಂತಿರಲಿಲ್ಲ. ಪಕ್ಕದ ಮನೆಯ ಬಸುರಿಯನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ದವಾಖಾನೆಗೆ ಹೋದರು, ನೀನು ಶೆಡ್ಡಿನ ಬಾಗಿಲು ಎಳೆದುಕೊಂಡು ಒಳಗೆ ನಿಂತೆ. ದೇವರಿಗೂ ಇಷ್ಟು ಮಡಿ ಇರುವುದಿಲ್ಲ ಅಪ್ಪ.

ಕಿನ್ನಾಳದ ಆಯಿ ಹೋದ ಸುದ್ದಿ ನಿನ್ನ ಆಫೀಸಿನ ಫೋನಿಗೇ ಬಂತು, ಜವಾನ ಮನೆಗೆ ಬಂದು ಹೇಳಿದ. ಅವ್ವನ ತಾಯಿ. ಅವತ್ತು ಅಮಾವಾಸ್ಯೆ, ಆಗಷ್ಟೇ ಪೂಜೆ ಮುಗಿದು ಕಾರಿನ ಗಾಲಿಯ ಕೆಳಗಿನ ನಿಂಬೆಹಣ್ಣು ಇನ್ನೂ ಹಸಿಯಾಗಿಯೇ ಇತ್ತು. ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಕಾರಿನ ಹತ್ತಿರ ಬಂದು ನಿಂತಳು. "ಪೂಜಿ ಆಗೇತಿ. ಸಾವಿನ ಮನಿ ಮುಂದ ನಿಂದರಸಿದ್ರ ಗಾಡಿಗೆ ಸೂತಕ ಹತ್ತತೈತಿ. ಬಸ್ಸಿಗೆ ಹೋಗು" ಎಂದೆ. ಅವಳು ನನ್ನ ಕೈ ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದಳು. ಕೊಪ್ಪಳದಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾದೆವು. ಕಿನ್ನಾಳದಲ್ಲಿ ಜನ ಹೊತ್ತು ಇಳಿಯುವ ತನಕ ನಮ್ಮ ದಾರಿ ನೋಡಿದ್ದರಂತೆ. 'ಅಳಿಯನ ಕಾರು ಐತಿ, ಬಂದೇ ಬರ್ತಾಳ' ಎಂದು ಹೆಣವನ್ನು ಅಂಗಳದಲ್ಲಿ ಕೂರಿಸಿಕೊಂಡು ಕಾದಿದ್ದರು. ಕತ್ತಲಾಗುತ್ತದೆ ಎಂದು ಕೊನೆಗೆ ಎತ್ತಿದರು. ನಾವು ಮುಟ್ಟಿದಾಗ ಕುಣಿ ಮುಚ್ಚಿಯಾಗಿತ್ತು. ಅವ್ವ ಮುಚ್ಚಿದ ಮಣ್ಣಿನ ಮೇಲೆಯೇ ಒಂದು ಹಿಡಿ ಮಣ್ಣು ಹಾಕಿದಳು. ಹಿಂದೆ ಯಾರೋ ಹೆಂಗಸು "ಕಾರ ಇದ್ದಾಕಿ ಬಸ್ಸಿಗೆ ಬಂದಾಳ ನೋಡ್ರಿ" ಅಂದಳು. ಆ ಮಾತು ನನಗೇ ಇನ್ನೂ ಕಿವಿಯಲ್ಲಿದೆ, ಅವ್ವನಿಗೆ ಹೇಗಿರಬೇಡ?

ಮರುತಿಂಗಳ ಅಮಾವಾಸ್ಯೆಗೆ ಅವ್ವ ತಾನಾಗಿಯೇ ಮುಂದೆ ಬಂದು, "ಇನ್ನ ಮ್ಯಾಲೆ ಗಾಡಿ ಪೂಜಿ ನಾನ ಮಾಡ್ತೀನ್ರಿ" ಎಂದಳು. ನಿನಗೆ ಎಷ್ಟು ಹಿಗ್ಗಾಯಿತು. ಹೆಂಡತಿಗೆ ಕೊನೆಗೂ ಬುದ್ಧಿ ಬಂತು ಎಂದು ಓಣಿಯಲ್ಲೆಲ್ಲ ಹೇಳಿದೆ. ಕಾರಿನ ಕೀಲಿಯನ್ನು ನೀನೇ ಪೂಜೆಯ ತಟ್ಟೆಯಲ್ಲಿಟ್ಟು ಕೊಡುತ್ತಿದ್ದೆ, ಕೀಲಿಗೂ ಕುಂಕುಮ ಬೀಳಬೇಕು ಎಂದು. ಅಲ್ಲಿಂದ ಕಾರಿಗೆ ಕೆಮ್ಮು ಶುರುವಾಯಿತು. ಹೋಗ್ತಾ ಹೋಗ್ತಾ ದಾರಿಯಲ್ಲಿ ನಿಲ್ಲುವುದು, ಗುರುಗುಟ್ಟುವುದು, ಮತ್ತೆ ನಿಲ್ಲುವುದು. ಪೆಟ್ರೋಲಿನಲ್ಲಿ ನೀರಿದೆ ಎಂದು ಮೆಕ್ಯಾನಿಕ್ ಹೇಳಿದ. ನೀನು ಬಂಕಿನವನ ಕೊರಳಪಟ್ಟಿಗೆ ಕೈ ಹಾಕಿದೆ. ಆಮೇಲೆ ಯಲಬುರ್ಗಾಕ್ಕೆ ಹೋಗಿ ಹಾಕಿಸಿದೆ, ಅಲ್ಲಿಯೂ ಮೋಸ ಎಂದು ಹಿಟ್ನಾಳದ ತನಕ ಹೋಗಿ ಹೆದ್ದಾರಿಯ ಬಂಕಿನಲ್ಲಿ ಹಾಕಿಸಿಕೊಂಡು ಬಂದೆ. ಜಗತ್ತೇ ಕಳ್ಳರ ಸಂತೆ ಎಂದು ಬೈದೆ. ಕೊನೆಗೆ ಯಾರದೋ ಕಣ್ಣು ಬಿದ್ದಿದೆ ಎಂದು ತೀರ್ಮಾನಿಸಿ, ಇನ್ನೂ ಭಕ್ತಿಯಿಂದ ಪೂಜೆ ಮಾಡು ಎಂದು ಅವ್ವನಿಗೆ ಹೇಳಿದೆ. ಅವಳು ಇನ್ನೂ ಭಕ್ತಿಯಿಂದ ಮಾಡಿದಳು.

ಕಾರು ಪೂರ್ತಿ ನಿಂತ ಮೇಲೆ ನೀನು ಸಂಜೆ ಹೊತ್ತು ಅದರೊಳಗೆ ಹೋಗಿ ಸ್ಟೇರಿಂಗ್ ಹಿಡಿದು ಕೂರುತ್ತಿದ್ದೆ. ಚಹಾ ಅಲ್ಲಿಗೇ ತರಬೇಕಿತ್ತು. ಲಕವಾ ಹೊಡೆದ ದಿನ ನಿನ್ನನ್ನು ಹಾಲಿನವನ ಗೂಡ್ಸ್ ಆಟೋದಲ್ಲಿ ಕ್ಯಾನುಗಳ ನಡುವೆ ಮಲಗಿಸಿ ಕೊಪ್ಪಳಕ್ಕೆ ಒಯ್ದೆವು. ಹೊರಡುವಾಗ ನೀನು ಶೆಡ್ಡಿನ ಕಡೆ ನೋಡಿದೆ, ನಾನು ಗಮನಿಸಿದೆ. ಆಸ್ಪತ್ರೆಯಲ್ಲಿ, ಬಾಯಿ ಒಂದು ಕಡೆ ಜೋತುಬಿದ್ದಿದ್ದಾಗ, ಅವ್ವನ ಕೈ ಹಿಡಿದು ಹೇಳಿದೆ, "ನೀ ಪೂಜಿ ಮಾಡಿದ್ದಕ್ಕ ಅದು ಅಷ್ಟ ದಿನರ ಓಡಿತು." ಇಡೀ ಸಂಸಾರದಲ್ಲಿ ನೀನು ಅವಳಿಗೆ ಆಡಿದ ಒಂದೇ ಒಳ್ಳೆಯ ಮಾತು ಅದು. ಅವ್ವ ಮುಖ ತಿರುಗಿಸಿಕೊಂಡಳು. ದುಃಖ ತಡೆಯಲಾರದೆ ಎಂದು ನಾನು ತಿಳಿದಿದ್ದೆ.

ನೀನು ಹೋದ ಮೇಲೆ ಅವ್ವ ನನ್ನ ಜೊತೆ ಭಾಗ್ಯನಗರಕ್ಕೆ ಬಂದಳು, ಕುಷ್ಟಗಿ ಮನೆಗೆ ಬಾಡಿಗೆಯವರು ಬಂದರು. ಮೊನ್ನೆ ಅವರು, ಶೆಡ್ಡು ನಮಗೆ ಬೇಕು, ಆ ಡಬ್ಬಿ ಒಯ್ಯಿರಿ ಎಂದರು. "ಗುಜರಿಗೆ ಹಾಕಿಬಿಡು. ಸತ್ತದ್ದನ್ನ ಎಬ್ಬಸಬಾರದು" ಎಂದಳು ಅವ್ವ. ನಾನು ಕೇಳಲಿಲ್ಲ. ನನಗೆ ಹಟ ಹಿಡಿದಿತ್ತು. ಅವ್ವ ಬದುಕಿರುವಾಗಲೇ ಅದೇ ಕಾರಿನ ಮುಂದಿನ ಸೀಟಿನಲ್ಲಿ ಅವಳನ್ನು ಕೂರಿಸಿ ಕಿನ್ನಾಳಕ್ಕೆ ಒಯ್ಯಬೇಕು. ಬೇರೆ ಕಾರು ಬಾಡಿಗೆಗೆ ಸಿಗುತ್ತಿರಲಿಲ್ಲವೇ? ಸಿಗುತ್ತಿತ್ತು. ಆದರೆ ನನಗೆ ಬೇಕಾದದ್ದು ನಿನ್ನ ಸೀಟು.

ಟ್ರಾಲಿಯ ಮೇಲೆ ಹೇರಿಸಿ ನಮ್ಮ ಮನೆಯ ಹತ್ತಿರದ ಹುಸೇನಸಾಬನ ಗ್ಯಾರೇಜಿಗೆ ತಂದೆ. ಅವನು ಕೈಗಿಂತ ಬಾಯಿ ಹೆಚ್ಚು ಆಡಿಸುವ ಮನುಷ್ಯ. ಬಾನೆಟ್ ಎತ್ತಿದ ಕೂಡಲೇ ಒಂದು ಇಲಿ ಅವನ ಅಂಗಿಯ ತೋಳಿನ ಮೇಲೆ ಹಾರಿತು. "ಅಕ್ಕಾರ, ಗಾಡಿಗಿಂತ ಮೊದಲ ಇವರನ್ನ ಖಾಲಿ ಮಾಡಸಬೇಕ್ರಿ" ಎಂದ. ವೈರುಗಳನ್ನು ಇಲಿ ತಿಂದಿದ್ದವು, ಬ್ರೇಕು ಕಚ್ಚಿಕೊಂಡಿತ್ತು, ಅವ್ವ ತೊಳೆದ ನೀರಿಗೆ ಕಾಲಿಡುವ ತಗಡು ತುಕ್ಕು ಹಿಡಿದು ಹಪ್ಪಳವಾಗಿತ್ತು. ಎಂಜಿನ್ ತಿರುಗಲೇ ಇಲ್ಲ. ಪ್ಲಗ್ಗು ಬಿಚ್ಚಿ, ಆ ತೂತುಗಳಲ್ಲಿ ಎಣ್ಣೆ ಬಿಟ್ಟು, ನೆನೆಯಲಿ ಎಂದು ಬಿಟ್ಟ. ನಾಳೆ ಎಂದ, ನಾಡಿದ್ದು ಎಂದ. ನಾನು ಡ್ಯೂಟಿ ಮುಗಿಸಿ ಬಂದು ಪ್ರತಿ ಸಲ ಅವನ ಜೊತೆ ಜಗಳವಾಡುತ್ತಿದ್ದೆ. ನಿನ್ನದೇ ರಕ್ತ ನೋಡು.

ಕೊನೆಗೊಂದು ಮಧ್ಯಾಹ್ನ ಹೊಸ ಬ್ಯಾಟರಿ ಇಟ್ಟು, ಟ್ಯಾಂಕಿನ ಗೊಡವೆ ಬೇಡವೆಂದು ಬಾಟಲಿಯಿಂದ ನೇರವಾಗಿ ಎಂಜಿನ್ನಿಗೆ ಪೆಟ್ರೋಲ್ ಕೊಟ್ಟ. ಎರಡು ಸಲ ಸೀನಿ, ಕರಿ ಹೊಗೆ ಬಿಟ್ಟು, ಎದ್ದುಬಿಟ್ಟಿತು. ಒಳಗಿನಿಂದ ಹಳೆಯ ರೆಕ್ಸಿನ್ನಿನ ವಾಸನೆ, ನಿನ್ನ ಎಲೆ ಅಡಿಕೆ ತಂಬಾಕಿನ ವಾಸನೆ ಒಟ್ಟಿಗೇ ಬಂತು. ನನಗೆ ಅಳು ಬಂತು ಅಪ್ಪ. ಹಾರ್ನ್ ಹೊಡೆಯಲು ನೀನು ನನ್ನನ್ನು ಎತ್ತಿ ಹಿಡಿಯುತ್ತಿದ್ದುದು ನೆನಪಾಯಿತು. ಅತ್ತದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟೂ ಬಂತು. ಟ್ಯಾಂಕಿಗೆ ಜೋಡಿಸಿದ ಕೂಡಲೇ ಕಾರು ಮತ್ತೆ ಸತ್ತಿತು. ಹುಸೇನಸಾಬ ಟ್ಯಾಂಕು ಇಳಿಸಿ ಬಕೆಟ್ಟಿಗೆ ಸುರಿದ. ಬಂದದ್ದು ತುಕ್ಕುಗೆಂಪು ನೀರು. ಬಟ್ಟೆಯಲ್ಲಿ ಸೋಸಿದರೆ ಕಪ್ಪಾದ ಅಕ್ಕಿಕಾಳು, ಒಂದೆರಡು ಅರಿಶಿಣದ ಕೊಂಬಿನ ತುಂಡು. "ಮಳಿ ನೀರು ಹೊಕ್ಕೈತಿ ಅನ್ನೂಣಂದ್ರ, ಅಕ್ಷತಿ ಎಲ್ಲಿಂದ ಬಂತ್ರೀ ಅಕ್ಕಾರ?" ಎಂದು ನನ್ನ ಮುಖ ನೋಡಿದ. ನಾನು ಆ ಕಾಳುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡೆ.

ಮನೆಗೆ ಬಂದಾಗ ಅವ್ವ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಅಕ್ಕಿಕಾಳನ್ನು ಅವಳ ಮುಂದೆ ಇಟ್ಟೆ. ಅವಳು ಒಂದು ಕಾಳು ಬೆರಳಿಗೆ ತಗೊಂಡು ನೋಡಿದಳು. "ನಿಮ್ಮಪ್ಪ ಪೂಜಿ ಮಾಡು ಅಂದ್ರು, ಮಾಡಿದ್ನಿ. ಗಾಲಿಗೆ ನೀರ ಹಾಕಿದ್ನಿ, ಮುಂದಿನ ಮಾರಿಗೆ ಹಾಕಿದ್ನಿ, ತಂಬಿಗ್ಯಾಗ ಉಳದದ್ದ ಅದರ ಪೆಟ್ರೋಲಿನ ಬಾಯಿಗೆ ಹಾಕಿದ್ನಿ. ಅದರ ಮುಚ್ಚಳದ ಕೀಲಿನೂ ತಾಟಿನ್ಯಾಗ ಇರ್ತಿತ್ತು."

"ಗೊತ್ತಿದ್ದ ಮಾಡಿದೇನವ್ವ?"

"ಗೊತ್ತಿಲ್ದ ಯಾರರ ತಿಂಗಳಾ ತಿಂಗಳಾ ಮಾಡ್ತಾರೇನ?" ಎಂದು ಮತ್ತೆ ಸೊಪ್ಪಿಗೆ ಕೈ ಹಾಕಿದಳು. ನನ್ನ ಕಡೆ ನೋಡದೆಯೇ, "ನಾ ಕೊಂದದ್ದನ್ನ ನೀ ಎಬ್ಬಿಸಿ ತಂದಿ. ಹೋಗ್ಲಿ ಬಿಡು. ಒಂದ ಕೊರಗೈತಿ ನೋಡು. ನಿಮ್ಮಪ್ಪಗ ತಿಳೀಲಾರದ ಹೋತು" ಎಂದಳು. ಹಾಲಿನ ಕ್ಯಾನುಗಳ ನಡುವೆ ನೀನು ಮಲಗಿದ್ದನ್ನು ಅವಳಿಗೆ ನೆನಪಿಸಬೇಕೆನಿಸಿತು. ನೆನಪಿಸಲಿಲ್ಲ. ಅವಳಿಗೆ ಅದು ನೆನಪಿಲ್ಲ ಎಂದು ಯಾರು ಹೇಳಿದರು? ಆ ಕೊರಗು ತೀರಲಿ ಎಂದೇ ಈ ಪತ್ರ ಬರೆಯುತ್ತಿರುವುದು. ನಿನ್ನ ಕಾರಿಗೆ ಯಾರ ಕಣ್ಣೂ ಬಿದ್ದಿರಲಿಲ್ಲ, ಯಾವ ಬಂಕಿನವನೂ ಮೋಸ ಮಾಡಿರಲಿಲ್ಲ. ಅದನ್ನು ಕೊಂದವಳ ಕೈಯನ್ನೇ ಹಿಡಿದು ನೀನು ಉಪಕಾರ ನೆನೆದೆ.

ಕಿನ್ನಾಳಕ್ಕೆ ಹೋಗಲು ದಿನ ಗೊತ್ತು ಮಾಡಿದವಳು ಅವ್ವನೇ. "ಅಮಾಸಿ ದಿನಾನ ಹೋಗೂಣು. ಪೂಜಿ ಗೀಜಿ ಬ್ಯಾಡ." ಹೊಸ ಟ್ಯಾಂಕು, ತೇಪೆ ಹಾಕಿದ ತಗಡು, ಗಾಜಿನ ಮೇಲೆ ನಿಂಬೆಹಣ್ಣೂ ಇಲ್ಲ, ಮೆಣಸಿನಕಾಯಿಯೂ ಇಲ್ಲ. ಮುಂದಿನ ಬಾಗಿಲನ್ನು ತೆಗೆದು ನಿಂತೆ. ಅವಳು ಹಿಂದಿನ ಬಾಗಿಲಿಗೆ ಹೋಗಿ, ನಿಂತು, ತಿರುಗಿ ಬಂದು, ಮುಂದೆ ಕೂತಳು. ದಾರಿಯುದ್ದಕ್ಕೂ ಚೀಲವನ್ನು ತೊಡೆಯ ಮೇಲಿನಿಂದ ಇಳಿಸಲಿಲ್ಲ. ಆಯಿಯ ಕುಣಿ ಯಾವುದೆಂದು ಈಗ ಯಾರಿಗೂ ಸರಿಯಾಗಿ ಗೊತ್ತಿಲ್ಲ, ಅಲ್ಲೆಲ್ಲ ಜಾಲಿ ಬೆಳೆದಿದೆ. ಅವ್ವ ಚಪ್ಪಲಿ ಬಿಟ್ಟು ಆ ಮಣ್ಣಿನಲ್ಲೆಲ್ಲ ಓಡಾಡಿದಳು. ಕಾಲು ತೊಳೆಯಲು ನೀರಿನ ಬಾಟಲಿ ಕೊಟ್ಟರೆ ಬೇಡವೆಂದಳು. ಸ್ಮಶಾನದ ಮಣ್ಣು ಮೆತ್ತಿದ ಕಾಲುಗಳನ್ನು ಎತ್ತಿ ನಿನ್ನ ಸೀಟಿನ ಮೇಲೆಯೇ ಮಡಚಿಕೊಂಡು ಕೂತಳು. ಆ ಕಲೆಯನ್ನು ನಾನು ಒರೆಸಿಲ್ಲ. ಒರೆಸುವುದೂ ಇಲ್ಲ.

ಬರುವಾಗ ಕೊಪ್ಪಳದಲ್ಲಿ ನಿನ್ನ ಫೋಟೋ ತಗೊಳ್ಳುವುದಿತ್ತು. ಗಾಜು ಒಡೆದಿತ್ತೆಂದು ಹೊಸ ಕಟ್ಟು ಹಾಕಲು ಕೊಟ್ಟಿದ್ದೆ. ಅಂಗಡಿಯ ಹುಡುಗಿ ಅದನ್ನು ಪೇಪರಿನಲ್ಲಿ ಸುತ್ತಿ, "ಅಜ್ಜಾರನ್ನ ನಿಮ್ಮ ತೊಡಿ ಮ್ಯಾಲೆ ಇಟ್ಕೊಳ್ರಿ ಅಮ್ಮಾರ" ಎಂದು ಮುಂದಿನ ಕಿಟಕಿಯಿಂದ ಚಾಚಿದಳು.

"ಹಿಂದ ಇಡವಾ" ಎಂದಳು ಅವ್ವ. "ಮುಂದಿನ ಸೀಟು ಮನಷ್ಯಾರಿಗೆ."

ಭಾಗ್ಯನಗರ ಮುಟ್ಟುವ ತನಕ ನಾನು ಬ್ರೇಕು ಒತ್ತಿದಾಗಲೆಲ್ಲ ನೀನು ಸೀಟಿನಿಂದ ಜಾರಿ ಕೆಳಗೆ ಬೀಳುತ್ತಿದ್ದೆ. ಸದ್ದು ಇಬ್ಬರಿಗೂ ಕೇಳುತ್ತಿತ್ತು. ನಾವು ತಿರುಗಿ ನೋಡಲಿಲ್ಲ.

ನಿನ್ನ ಮಗಳು,
ಶಾಂತಾ