ಬಕೆಟ್ಟಿನಲ್ಲಿ ಏಳು ತುಂಡು

ಮಾರ್ಚ್ 3, ಸೋಮವಾರ

ಇವತ್ತೂ ಕೈಯೆಲ್ಲ ಸೀಮೆಎಣ್ಣೆ ವಾಸನೆ. ಮೂರು ಸಲ ಸೋಪು ಹಾಕಿದರೂ ಹೋಗಲಿಲ್ಲ. ಹಾಗೇ ಪ್ರಾರ್ಥನೆಗೆ ಕೂತೆ. ಕೆಲಸ ಮಾಡಿದ ಕೈ ಅಂತ ದೇವರಿಗೆ ಗೊತ್ತಾಗದೇ ಇರುತ್ತದಾ.

ಹೊಸ ಇಂಜಿನ್ ಉಜ್ಜಿ ಮುಗೀತು. ಹೊಸದೇನು ಬಂತು, ಗುಜರಿಯಿಂದ ತಂದದ್ದು. ರಿಪೇರಿಗೆ ಬಂದ ಕಾರಿನ ಹಳೇ ಇಂಜಿನ್ನಿನ ಬ್ಲಾಕ್ ಬಿರುಕು ಬಿಟ್ಟಿತ್ತು, ಹೋದ ವಾರವೇ ಇಳಿಸಿದ್ದೇವೆ. ಸ್ಟ್ರೋಕ್ ಆದಮೇಲೆ ಇವರ ಎಡಗೈಗೆ ಹಿಡಿತ ಇಲ್ಲ. ಸ್ಟೂಲ್ ಮೇಲೆ ಕೂತು ಹೇಳುತ್ತಾರೆ, ನಾನು ಮಾಡುತ್ತೇನೆ.

ಇಂಜಿನ್ನಿಗೆ ಎಂಟು ಬಾಯಿ. ಗಾಳಿ ಎಳೆಯುವುದಕ್ಕೆ ನಾಲ್ಕು, ಹೊಗೆ ಬಿಡುವುದಕ್ಕೆ ನಾಲ್ಕು. ಒಳಗೆ ಕಸ, ನಟ್ಟು ಬೀಳಬಾರದಲ್ಲ, ಹಳೇ ದಿಂಬಿನ ಕವರು ಹರಿದು ಎಂಟಕ್ಕೂ ತುರುಕಿದೆ.

"ಲೆಕ್ಕ ನಿಂದು ಕಣೇ. ಒಂದು ಒಳಗೆ ಉಳಿದು ವಾಲ್ವಿಗೆ ಸಿಕ್ಕಿಕೊಳ್ತೋ, ಇಂಜಿನ್ ಕಥೆ ಮುಗೀತು" ಅಂದರು.

ನಾದಿನಿ ಬಂದಿದ್ದಳು. "ಅತ್ತಿಗೆ, ಸ್ವರ್ಗದ ಬಾಗಿಲು ತೆಗೆಯೋಕೆ ಎಷ್ಟನೇ ನಂಬರ್ ಸ್ಪ್ಯಾನರ್ ಬೇಕು?"

"ಮೊದಲು ನಿನ್ನ ಬಾಯಿ ಮುಚ್ಚೋ ನಂಬರ್ ಹುಡುಕ್ತೀನಿ, ತಾಳು" ಅಂದೆ.

ಮಾರ್ಚ್ 6, ಗುರುವಾರ

ಇಂಜಿನ್ ಕಾರಿನೊಳಗೆ ಕೂತಿತು. ಇಂಜಿನ್ ಎತ್ತುವ ಚೈನ್ ಎಳೆಯಲು ಮೈದುನ ಬಂದಿದ್ದ. ಗೇರ್‌ಬಾಕ್ಸಿಗೆ ಸೇರಲೇ ಇಲ್ಲ, ಎರಡು ಗಂಟೆ ಒದ್ದಾಟ.

"ಅಣ್ಣ, ಒಂದು ಒದ್ದರೆ ಹೋಗುತ್ತೆ."

"ಒದೆಯೋದಾದ್ರೆ ನಿನ್ನೇ ಒದೀತೀನಿ. ಒಂದು ನೂಲಿನಷ್ಟು ಎತ್ತು."

ಎತ್ತಿದ. ಟಕ್ ಅಂತ ಕೂತಿತು.

ಕಾರಿನ ಮೇಡಂ ಫೋನ್ ಮಾಡಿದ್ದರು. ರಿಟೈರ್ಡ್ ಟೀಚರ್. ಇವರು ಹಾಸಿಗೆ ಹಿಡಿದಾಗ ಗಿರಾಕಿಗಳೆಲ್ಲ ಬೇರೆ ಗ್ಯಾರೇಜು ನೋಡಿಕೊಂಡರು. ಎಂಟು ತಿಂಗಳು ಕಾದದ್ದು ಆ ಮೇಡಂ ಒಬ್ಬರೇ. ಭಾನುವಾರ ಹತ್ತಕ್ಕೆ ಬರುತ್ತಾರಂತೆ, ಸ್ಟಾರ್ಟ್ ಮಾಡುವುದನ್ನು ನೋಡಲು.

ಫೋನಿಟ್ಟು ಇವರು ಅಂದರು, "ಇದು ಕೆಟ್ಟರೆ ಶೆಡ್ಡಿಗೆ ಬೀಗ. ಇನ್ನು ಯಾರ ಕಾರೂ ಮುಟ್ಟಲ್ಲ."

ತಮಾಷೆಗೆ ಅಂದ ಮುಖವಲ್ಲ.

ಮಾರ್ಚ್ 8, ಶನಿವಾರ, ಬೆಳಿಗ್ಗೆ

ಇಂಜಿನ್ನಿಗೆ ತುರುಕಿದ್ದ ಬಟ್ಟೆ ಒಗೆಯಲು ತೆಗೆದೆ. ಬಕೆಟ್ಟಿನಲ್ಲಿ ಏಳು. ಮತ್ತೆ ಎಣಿಸಿದೆ. ಏಳು.

ನಿನ್ನೆ ಸಂಜೆ ನಾನು ಪ್ರಾರ್ಥನೆಗೆ ಕೂತಿದ್ದೆ. ಅಣ್ಣ ತಮ್ಮ ಸೇರಿ ಬಟ್ಟೆ ಕಿತ್ತು ಬಕೆಟ್ಟಿಗೆ ಹಾಕಿದ್ದಾರೆ. ಆ ಬಾಯಿಗಳಿಗೆ ಪೈಪು ಕೂರಿಸುವ ಮೊದಲು ಇವರು ಕೂಗಿ ಕೇಳಿದರು — "ಎಂಟೂ ಬಂತಾ ನೋಡೇ?" ಬಕೆಟ್ಟು ನಾನು ಕೂತಿದ್ದ ಕೋಣೆಯ ಬಾಗಿಲ ಹತ್ತಿರವೇ ಇತ್ತು. ಪ್ರಾರ್ಥನೆ ಮುರಿಯಬಾರದು ಅಂತ ನೋಡದೆ "ಹೂಂ" ಅಂದೆ. ದೇವರ ಮುಂದೆ ಕೂತುಕೊಂಡೇ ಸುಳ್ಳು.

ಮೈದುನನ ಮನೆಗೆ ಓಡಿದೆ. "ಕೈ ಒರೆಸೋಕೆ ಒಂದು ತುಂಡು ತಗೊಂಡಿದ್ಯೇನೋ?"

"ಇಲ್ಲ ಅತ್ತಿಗೆ. ಯಾಕೆ?"

"ಏನಿಲ್ಲ."

ಇನ್ನೊಂದು ಸುಳ್ಳು.

ಅದೇ ದಿನ, ಮಧ್ಯಾಹ್ನ

ಬೆಂಚಿನ ಕೆಳಗೆ, ಡಬ್ಬಗಳ ಹಿಂದೆ, ಅಂಗಳದಲ್ಲಿ... ಎಲ್ಲೂ ಇಲ್ಲ. ಹೇಳಿದರೆ ಪೈಪು ಬಿಚ್ಚಬೇಕು. ಬಿಚ್ಚಿದರೆ ಸಂದಿಗೆ ನಾನೇ ಕತ್ತರಿಸಿ ಇಟ್ಟ ಗ್ಯಾಸ್ಕೆಟ್ ಹರಿಯುತ್ತದೆ, ಇನ್ನೊಂದು ಕತ್ತರಿಸಲು ಶೀಟ್ ಮುಗಿದಿದೆ, ಅಂಗಡಿ ಇವತ್ತು ಅರ್ಧ ದಿನ, ನಾಳೆ ರಜ.

ಇವರು ಇವತ್ತು ತಾವೇ ಗಡ್ಡ ಹೆರೆದುಕೊಂಡರು. ಎಂಟು ತಿಂಗಳಲ್ಲಿ ಮೊದಲ ಸಲ. ನಾಳೆಗೆ ಇಸ್ತ್ರಿ ಮಾಡಿದ ಶರ್ಟ್ ಬೇಕಂತೆ.

ಇಸ್ತ್ರಿ ಮಾಡಿ ಇಟ್ಟೆ.

ಮಾರ್ಚ್ 9, ಭಾನುವಾರ, ಬೆಳಿಗ್ಗೆ 6

ಹೇಳಿಬಿಟ್ಟೆ.

"ರೀ, ಬಟ್ಟೆ ಏಳೇ ಇದೆ."

"ಹೂಂ ಅಂದ್ಯಲ್ಲೇ?"

"ನೋಡದೇ ಅಂದೆ. ಪ್ರಾರ್ಥನೇಲಿದ್ದೆ."

ಶೆಡ್ಡಿನ ಕಡೆ ನೋಡಿದರು. ಆಮೇಲೆ — "ಎರಡು ನಿಮಿಷ ದೇವರು ಕಾಯ್ತಿರಲಿಲ್ವೇನೇ?"

ಇಸ್ತ್ರಿ ಶರ್ಟ್ ಬಿಚ್ಚಿ ಹಳೇದು ಹಾಕಿಕೊಂಡರು. "ಸ್ಪ್ಯಾನರ್ ತಗೊಂಡು ಬಾ."

ಅದೇ ದಿನ, 11 ಗಂಟೆ

ಗ್ಯಾಸ್ಕೆಟ್ ಎರಡು ತುಂಡಾಯ್ತು. ಗಾಳಿಯ ಬಾಯಿ ಮೊದಲನೇದು ಖಾಲಿ. ಎರಡು ಖಾಲಿ. ಮೂರು ಖಾಲಿ. ನಾಲ್ಕನೇದು, ಹಿಂದುಗಡೆಯದು, ಕಪ್ಪು, ಒಳಗೇನೂ ಕಾಣದು. ಬೆರಳು ಹಾಕಿದೆ. ಮೆತ್ತಗೆ ಏನೋ ತಗುಲಿತು. ಎಣ್ಣೆ ಕುಡಿದು ಮಸಿಯ ಬಣ್ಣವಾಗಿತ್ತು, ಅದಕ್ಕೇ ಅಣ್ಣತಮ್ಮಂದಿರ ಕಣ್ಣಿಗೆ ಬಿದ್ದಿಲ್ಲ. ಎಳೆದೆ. ಎಂಟನೇ ತುಂಡು.

ಅಷ್ಟರಲ್ಲಿ ಮೇಡಂ. ತಪ್ಪು ನನ್ನದು ಅಂತ ಶುರು ಮಾಡಿದ್ದೇ ತಡ, ಇವರು ಅಡ್ಡ ಬಂದರು. "ನೋಡದೆ ಬೋಲ್ಟ್ ಬಿಗಿಸಿದ್ದು ನಾನು ಮೇಡಂ."

ಮೇಡಂ ಆ ಕಪ್ಪು ತುಂಡನ್ನೇ ನೋಡುತ್ತಾ ಕೇಳಿದರು, "ನಾನು ಇವತ್ತು ಕಾರು ತಗೊಂಡು ಹೋಗಿದ್ರೆ, ಆಮೇಲೆ ಹೇಳ್ತಿದ್ರಾ?"

ಟೀಚರ್ ಕೇಳುವ ಹಾಗೇ.

"ನಾನಂತೂ ಹೇಳ್ತಿರಲಿಲ್ಲ" ಅಂದರು ಇವರು. "ಇವಳು ಸುಮ್ಮನಿರ್ತಿರಲಿಲ್ಲ."

ಮೇಡಂ ನಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡರು. "ಬುಧವಾರ ಬರ್ತೀನಿ."

ಸುಮ್ಮನಿರುವವಳಲ್ಲ ಅಂತ ಇವರ ನಂಬಿಕೆ. ನಿನ್ನೆ ಇಡೀ ದಿನ ಹೊಟ್ಟೆಯಲ್ಲಿಟ್ಟುಕೊಂಡಿದ್ದೆನಲ್ಲ, ಅದನ್ನೂ ಇವರಿಗೆ ಹೇಳಬೇಕು.

ಮಾರ್ಚ್ 12, ಬುಧವಾರ, 10:20

ಶನಿವಾರ ಬಚ್ಚಿಟ್ಟದ್ದನ್ನು ಇವರಿಗೆ ಹೇಳಿದೆ. "ಗೊತ್ತಿತ್ತು, ನಿನ್ನ ಮುಖ ನಿನ್ನೆ ಮೊನ್ನೆಯಿಂದ ನೋಡ್ತಿದ್ದೀನಾ" ಅಂದರು, ಅಷ್ಟೇ.

ಹೊಸ ಶೀಟ್, ಹೊಸ ಗ್ಯಾಸ್ಕೆಟ್. ಮೇಡಂ ಸ್ಟೂಲ್ ಮೇಲೆ. ಮೊದಲ ಸಲ ಕೀ ತಿರುಗಿಸಿದಾಗ ಕೊರಕೊರ, ಅಷ್ಟೇ. ಎರಡನೇ ಸಲ ಕೆಮ್ಮಿ ನಿಂತಿತು. ಬ್ಯಾಟರಿಗೆ ಐದು ನಿಮಿಷ ಬಿಡುವು, ಅದಕ್ಕೇ ಬೆಂಚಿನ ಹತ್ತಿರ ನಿಂತು ಬರೆಯುತ್ತಿದ್ದೇನೆ. ಇವರ ಕತ್ತಿನಲ್ಲಿ ಬೆವರು.

"ಲೇ, ಬಾರೇ, ಕಾರ್ಬುರೇಟರ್ ಬಾಯಿಗೆ ಅಂಗೈ ಒತ್ತಿ ಹಿಡಿ, ಪೆಟ್ರೋಲ್ ಎಳ್ಕೊಳ್ಳಲಿ. ನಾನು ಅನ್ನೋವರೆಗೂ ತೆಗೀಬೇಡ" ಅನ್ನುತ್ತಿದ್ದಾರೆ. ಕೀಲಿ ಮೇಲೆ ಕೈ ಇಟ್ಟಾಗಿದೆ, ನಾನಿನ್ನೂ ಇಲ್ಲೇ —