ಲೆಕ್ಕಕ್ಕಿಲ್ಲದ ಸೀಕರಣೆ

ಕಲಬುರಗಿ
ಮಾರ್ಗಶಿರ ಶುದ್ಧ ದಶಮಿ, ಫಸಲಿ ೧೩೩೬
(ಕಚೇರಿಯ ಗೋಡೆಯ ಸರಕಾರಿ ಪಂಚಾಂಗದಲ್ಲಿ ಈ ತಿಂಗಳು ಬಹಮನ್, ಅವ್ವನ ಬಾಯಲ್ಲಿ ಮಾರ್ಗಶಿರ. ನೀನು ಯಾವುದನ್ನು ನಂಬುವೆಯೆಂದು ಗೊತ್ತಿದೆ.)

ಪ್ರೀತಿಯ ಕಸ್ತೂರಿ,

ಹೇಗಿದ್ದೀ? ಬೆನ್ನುನೋವು ಇಳಿಯಿತೇ? ಕೂಸು ನಿದ್ದೆ ಮಾಡುತ್ತಾಳೋ, ಇಲ್ಲ ಅಜ್ಜನ ಮನೆಯೆಂದು ಈಗಿನಿಂದಲೇ ದರ್ಬಾರು ನಡೆಸಿದ್ದಾಳೋ? ಅವಳ ಮೂಗು ನನ್ನಂತಿದೆಯೆಂದು ಮಾವನವರು ಬರೆದಿದ್ದರು. ಉಳಿದದ್ದೆಲ್ಲ ನಿನ್ನ ಕಡೆಯಿಂದ ಬಂದಿದ್ದರೆ ಮೂಗೊಂದನ್ನು ಜನ ಹೊಟ್ಟೆಗೆ ಹಾಕಿಕೊಂಡಾರು. ಈ ಕಾಗದವೂ ಕಮಲಾಪುರದಲ್ಲಿ ಮೊದಲು ಮಾವನವರ ಕೈಗೇ ಬೀಳುವುದಾದ್ದರಿಂದ ಹೆಚ್ಚಿನ ಮಾತು ಮನಸ್ಸಿನಲ್ಲೇ ಇಟ್ಟುಕೊಂಡಿದ್ದೇನೆ. ಮಾವನವರೇ, ಓದುತ್ತಿದ್ದರೆ ನಮಸ್ಕಾರ. ಇನ್ನು ಅವಳಿಗೆ ಕೊಡಿರಿ.

ನೀನು ಹೋದ ಮೇಲೆ ಅವ್ವನ ಸಕ್ಕರೆ ಬ್ಯಾನಿಯ ಬೆಳಗಿನ ಕಾರಭಾರವೆಲ್ಲ ನನ್ನ ಕೈಗೆ ಬಂದಿದೆ. ಮೋಮಿನಪುರದ ಹಕೀಮ ಮಕ್ಸೂದ್ ಸಾಹೇಬರು ಹೇಳಿದ್ದರಲ್ಲಿ ಎಳ್ಳಷ್ಟೂ ತಪ್ಪಿಸಿಲ್ಲ. ಏಳುತ್ತಲೇ ನೆನೆಹಾಕಿದ ಮೆಂತ್ಯದ ನೀರು. ಆಮೇಲೆ ಹಾಗಲಕಾಯಿಯ ರಸ. ನವರಸಗಳಲ್ಲಿ ಬೀಭತ್ಸ ಯಾವುದೆಂದು ಕಾಲೇಜಿನಲ್ಲಿ ತಿಳಿದಿರಲಿಲ್ಲ, ಈಗ ತಿಳಿಯಿತು. ನಾನು ಹಿಂಡುವುದನ್ನು ನೋಡಿ ಅವ್ವ ದಿನಾಲೂ ‘ಹಾಗಲ್ಲ, ಹೀಗ’ ಎನ್ನುತ್ತಾಳೆ. ಅದಕ್ಕೇ ಈ ಕಾಯಿಗೆ ಹಾಗಲ ಎಂದು ಹೆಸರು ಬಂದಿರಬೇಕು ಎಂದೆ. ಅವಳು ನಗಲಿಲ್ಲ. ನೀನಿದ್ದರೆ ಅವಳ ಪಾಲಿನದ್ದೂ ನೀನೇ ನಗುತ್ತಿದ್ದೆ. ನಾಷ್ಟಾಕ್ಕೆ ಅಕ್ಕಿಯದೇನೂ ಇಲ್ಲ, ಮಂಡಕ್ಕಿಯ ಸೂಸಲಾ ಕೂಡ ಬಂದ್. ಒಣ ಜೋಳದ ರೊಟ್ಟಿ, ಪುಂಡಿಪಲ್ಲೆ, ನೆನೆಸಿದ ಹೆಸರುಕಾಳು. ಚಹಾಕ್ಕೆ ಸಕ್ಕರೆಯ ಡಬ್ಬಿ ತೋರಿಸುವುದೂ ಇಲ್ಲ. ನಿನ್ನ ಗಂಡ ಇಷ್ಟು ಶಿಸ್ತಿನವನೆಂದು ನಿನಗೂ ಗೊತ್ತಿರಲಿಲ್ಲ.

ಆದರೂ ಕಾಲಿನದೊಂದು ಸಂಗತಿ ಆಗಿದೆ. ಹೋದ ತಿಂಗಳು ಅವ್ವ ಒಲೆಯ ಮುಂದೆ ಕುಳಿತು ರೊಟ್ಟಿ ತಟ್ಟುತ್ತಿದ್ದಳು. ಏನೋ ಸುಟ್ಟ ವಾಸನೆ ಬಂತು. ರೊಟ್ಟಿ ಹೊತ್ತಿತೇನೋ ಎಂದು ಒಳಗೆ ಹೋದರೆ ರೊಟ್ಟಿ ಚೆನ್ನಾಗಿಯೇ ಉಬ್ಬಿತ್ತು. ಅವ್ವನ ಎಡಗಾಲು ಹೊರಗೆ ಬಿದ್ದ ಕೆಂಡದ ಮೇಲಿತ್ತು. ಅವಳು ನನ್ನನ್ನು ನೋಡಿ, ‘ಯಾಕೋ ದೇವೀಂದ್ರ, ಹಸಿವಾಯ್ತೇನು?’ ಎಂದಳು. ಕಾಲೆತ್ತು ಎಂದು ನಾನು ಹೇಳಿದ ಮೇಲೆ ಎತ್ತಿದಳು. ಅವಳಿಗೆ ಏನೂ ತಿಳಿದಿರಲಿಲ್ಲ. ಆ ದಿನದಿಂದ ನನಗೂ ಹಾಗೆಯೇ ಆಗಿದೆ. ಕಚೇರಿಗೆ ಹೋಗುತ್ತೇನೆ, ಪೇಟೆಯಿಂದ ತರಕಾರಿ ತರುತ್ತೇನೆ, ಜನರೊಡನೆ ಚೇಷ್ಟೆ ಮಾಡುತ್ತೇನೆ, ಅವರು ನಗುತ್ತಾರೆ. ಎಲ್ಲವೂ ಆಚೆ ಮನೆಯಲ್ಲಿ ನಡೆದಂತೆ ಕೇಳಿಸುತ್ತದೆ.

ಗಾಯ ಒಣಗದೆ ದವಾಖಾನೆಗೆ ಕರೆದೊಯ್ದೆ. ಡಾಕ್ಟರು ಮೂತ್ರವನ್ನು ನೀಲಿ ನೀರಿನಲ್ಲಿ ಹಾಕಿ ಕಾಯಿಸಿದರು. ನೀಲಿಯಾಗಿಯೇ ಉಳಿಯಬೇಕಿತ್ತಂತೆ, ಇಟ್ಟಂಗಿಯ ಬಣ್ಣಕ್ಕೆ ತಿರುಗಿತು. ‘ನಿಮ್ಮ ತಾಯಿ ಕದ್ದು ತಿಂತಾರ’ ಎಂದರು. ಅವ್ವ ಎಷ್ಟು ನೊಂದಳೆಂದರೆ, ದಾರಿಯುದ್ದಕ್ಕೂ ಸೆರಗು ಬಾಯಿಗೆ ಒತ್ತಿಕೊಂಡೇ ಬಂದಳು. ಜನ್ಮದಲ್ಲಿ ಯಾರದೂ ಕದ್ದವಳಲ್ಲ, ಈಗ ತನ್ನ ಮನೆಯಲ್ಲೇ ಕಳ್ಳಿಯಾದಳು.

ಮರುದಿನ ತಾನೇ ಹಕೀಮರ ಕಡೆ ಹೊರಟಳು, ನಾನೂ ಜೊತೆಗೆ ಹೋದೆ. ‘ಸಿಹಿ ಅನ್ನೂದು ನಾ ಮುಟ್ಟಿಲ್ರೀ ಸಾಹೇಬ್ರ, ಲಿಂಗದ ಆಣಿ’ ಎಂದಳು. ಹಕೀಮರು ನಂಬಿದರು. ನಂಬಿಯೇ, ‘ಅಮ್ಮಾ, ನೀವು ತಿಂದಿದ್ದು ಬ್ಯಾಡ್ರಿ. ಬೆಳಗ್ಗಿ ಎದ್ದಾಗಿಂದ ಏನೇನು ಕೆಲಸ ಮಾಡ್ತೀರಿ, ಅದು ಹೇಳ್ರಿ’ ಎಂದರು. ಅವ್ವ ಹೇಳುತ್ತ ಹೋದಳು. ಜಳಕ, ವಿಭೂತಿ, ಅಂಗೈಯಲ್ಲಿ ಲಿಂಗ, ಪತ್ರಿ, ಎಡೆ, ಪ್ರಸಾದ. ಎಡೆಗೆ ಏನು ಇಡುತ್ತೀರಿ ಎಂದು ಅವರು ಕೇಳಿದರು. ಸೀಕರಣೆ ಎಂದಳು.

ಕಸ್ತೂರಿ, ಅದನ್ನು ನೀನೂ ಮಾಡಿದ್ದೀ, ನಾನೂ ಮಾಡುತ್ತಿದ್ದೇನೆ. ನಿಮ್ಮ ತೋಟದ ಕೆಂಪು ಬಾಳೆಹಣ್ಣು ಕಿವುಚಿ, ಹಾಲು ಹಾಕಿ, ಮೇಲೆ ಸಕ್ಕರೆ. ಒಂದು ಕೈಯಿಂದ ಹಾಗಲಕಾಯಿ ಹಿಂಡಿ, ಇನ್ನೊಂದರಿಂದ ಬಾಳೆಹಣ್ಣು ಕಿವುಚಿದ್ದೇನೆ. ತರ್ಕಶಾಸ್ತ್ರದಲ್ಲಿ ಪದಕ ತಂದವನಿಗೆ ಹೊಳೆಯಲಿಲ್ಲ. ಯಾಕೆಂದರೆ ಲಿಂಗಕ್ಕೆ ಅರ್ಪಿಸುವ ತನಕ ಅದು ಹಣ್ಣು. ಅರ್ಪಿಸಿದ ಮೇಲೆ ಹಣ್ಣಲ್ಲ, ಹಾಲಲ್ಲ, ಸಕ್ಕರೆಯಲ್ಲ, ಪ್ರಸಾದ. ಪ್ರಸಾದವನ್ನು ತಿಂದೆ ಎಂದು ನಮ್ಮಲ್ಲಿ ಯಾರು ಅನ್ನುತ್ತಾರೆ? ಸ್ವೀಕರಿಸಿದೆ ಎನ್ನುತ್ತೇವೆ. ಅವ್ವ ಸುಳ್ಳು ಹೇಳಿರಲಿಲ್ಲ.

ಹಕೀಮರು ಮಾತ್ರ ಗಡ್ಡ ನೀವಿಕೊಂಡು, ‘ಇದರಾಗ ನಾ ಬಾಯಿ ಹಾಕೂದಿಲ್ಲ ಬೇಟಾ. ಇದು ನಿಮ್ಮ ಮನಿ ಮಾತು. ಆದ್ರ ಕಾಲು ಉಳೀಬೇಕಂದ್ರ ಆ ಬಟ್ಟಲು ನಿಲ್ಲಬೇಕು’ ಎಂದು ನನ್ನನ್ನು ಹೊರಗೆ ಕರೆದು ಹೇಳಿದರು.

ನಾನು ಅವ್ವನಿಗೆ ಒಂದು ಯುಕ್ತಿ ಹೇಳಿದೆ. ಲಿಂಗಕ್ಕೆ ಮೆಂತ್ಯದ ನೀರನ್ನೇ ಎಡೆಮಾಡು, ಅದೇ ಪ್ರಸಾದವಾಗುತ್ತದೆ, ಲಿಂಗಯ್ಯನಿಗೂ ಆರೋಗ್ಯ. ಅವಳು ಸಿಟ್ಟಾಗಲಿಲ್ಲ. ‘ಬ್ಯಾನಿ ನಂದು. ಅವಗ್ಯಾಕ ಕಹಿ ಕುಡಸ್ಲಿ?’ ಎಂದಳು. ಎಡೆ ಮಾಡಿ ಪ್ರಸಾದ ಬಿಡು ಎಂದೆ. ‘ಕೊಟ್ಟಾಂವನ ಮುಂದ ತಾಟು ಸರಿಸಿ ಏಳ್ಲೇನು?’ ಎಂದಳು. ಮರುದಿನ ಬೆಳಿಗ್ಗೆ ಅವಳು ಕೈ ಚಾಚಿದಳು, ನಾನು ಸೀಕರಣೆಯ ಬಟ್ಟಲು ಕೊಟ್ಟೆ. ಅವಳು ಕಣ್ಣು ಮುಚ್ಚಿ ಸ್ವೀಕರಿಸುವುದನ್ನು ನೋಡುತ್ತ ನಿಂತೆ. ಕಾಲಿನ ಪಟ್ಟಿಯಿಂದ ವಾಸನೆ ಬರುತ್ತಿತ್ತು.

ಇರಲಿ. ನೀನು ಇದನ್ನೆಲ್ಲ ಮನಸ್ಸಿಗೆ ಹಚ್ಚಿಕೊಂಡು ಹಾಲು ಬತ್ತಿಸಿಕೊಳ್ಳಬೇಡ. ಬಾಣಂತಿ ಖಾರ ಬಿಡದೆ ತಿನ್ನು, ತಲೆಗೆ ಬಿಸಿ ಬಟ್ಟೆ ಕಟ್ಟಿಕೋ. ಅತ್ತೆ ಮಾವನವರಿಗೆ ನನ್ನ ಶರಣು. ಕೂಸಿನ ಮೂಗನ್ನು ಮೆಲ್ಲಗೆ ಒಮ್ಮೆ ಹಿಂಡು, ನನ್ನ ಲೆಕ್ಕದಲ್ಲಿ.

ನಿನ್ನ,
ದೇವೀಂದ್ರಪ್ಪ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಸೋಮವಾರ ದವಾಖಾನೆಯಲ್ಲಿ ಅವ್ವನ ಎಡಗಾಲಿನ ಬೆರಳುಗಳನ್ನು ತೆಗೆದರು. ಬಾಣಂತಿಗೆ ತಿಳಿಸಬೇಡ ಎಂದಿದ್ದಳು. ಇನ್ನೂ ಮೇಲಕ್ಕೆ ಏರಿದರೆ ಪಾದವೇ ಹೋಗುತ್ತದೆಂದು ಡಾಕ್ಟರು ಹೇಳುತ್ತಾರೆ. ನಿನ್ನೆ ಅವಳು ಹಾಸಿಗೆಯಲ್ಲೇ ಕುಳಿತು ಪೂಜೆ ಮಾಡಿದಳು. ಎಂದಿನಂತೆ ಸೀಕರಣೆ ಎಡೆಮಾಡಿದಳು. ಆಮೇಲೆ ಒಂದು ಹನಿ ಬೆರಳಿಗೆ ಹಚ್ಚಿ ಕಣ್ಣಿಗೊತ್ತಿಕೊಂಡು, ಬಟ್ಟಲು ನನ್ನ ಕಡೆ ಸರಿಸಿ, ‘ಪ್ರಸಾದ ಚೆಲ್ಲೂ ಹಂಗಿಲ್ಲ. ಕಸ್ತೂರಿ ಬರೂತನಕ ನೀ ತೊಗೊ’ ಎಂದಳು. ನಿನ್ನೆಯೂ ಇವತ್ತೂ ನಾನೇ ತೆಗೆದುಕೊಂಡೆ. ಸಿಹಿಯಿತ್ತೋ ಇಲ್ಲವೋ ಹೇಳಲಾರೆ. ಆದರೆ ನನ್ನ ಮೇಲೆ ಅವಳಿಗೆ ಭರವಸೆಯಿಲ್ಲ. ಗಂಡಸು, ಒಂದು ದಿನ ಮರೆತು ಕಚೇರಿಗೆ ಓಡುತ್ತಾನೆ, ಬಟ್ಟಲು ಹಾಗೇ ಉಳಿಯುತ್ತದೆ, ಆಗ ತಾನೇ ತೆಗೆದುಕೊಳ್ಳಬೇಕಾಗುತ್ತದೆ ಎನ್ನುತ್ತಾಳೆ. ನೀನು ಬರಬೇಕಂತೆ. ಐದನೆಯ ತಿಂಗಳ ತನಕ ಸೊಸೆಯನ್ನು ಕರೆಸಬಾರದೆಂದು ಊರಿಗೆಲ್ಲ ಹೇಳಿದವಳು, ಈಗ ತಾನೇ ಕೇಳುತ್ತಿದ್ದಾಳೆ: ‘ಆಕಿ ಬಾಯಾಗ ಬಿದ್ರ ಕೂಸಿಗಿ ಹಾಲಾಗ್ತದ. ನನ್ನ ಬಾಯಾಗ ಬಿದ್ರ ಹುಣ್ಣಾಗ್ತದ.’ ಅಷ್ಟು ಹೇಳಿ ಗೋಡೆಯ ಕಡೆ ಹೊರಳಿದಳು. ಗಾಡಿ ಕಳಿಸಲೇ? ಮೈ ಗಟ್ಟಿಯಿದ್ದರೆ ಮಾತ್ರ ಹೂಂ ಎನ್ನು.