ಹ್ಯಾಟೆ ಮರಿಗಳ ವಿಚಾರ

ಅನುಗೊಂಡನಹಳ್ಳಿ, 1943

ಬೀಗರಾದ ಚನ್ನರಾಯಪ್ಪನವರಿಗೆ ಪಿಳ್ಳಪ್ಪನ ನಮಸ್ಕಾರ.

ನಮ್ಮ ಕೋಳಿಮರಿಗಳಲ್ಲಿ ಹುಂಜ ಬೇಡ, ಮೊಟ್ಟೆ ಇಡುವ ಹ್ಯಾಟೆಗಳನ್ನೇ ಆರಿಸಿ ಕಳಿಸಿ ಎಂದು ಬರೆದಿದ್ದೀರಿ. ಆರಿಸಿದ್ದೇನೆ. ಮರಿಗಳಿಗೆ ಎರಡು ತಿಂಗಳು ತುಂಬಿದೆ. ಜುಟ್ಟು ಕೆಂಪಗೆ ಎದ್ದು ಕಾಲು ದಪ್ಪಗಾದವು ಹುಂಜ, ಜುಟ್ಟು ಇನ್ನೂ ಮಂಕಾಗಿರುವವು ಹ್ಯಾಟೆ. ಹ್ಯಾಟೆ ಎಂದು ಬೇರೆ ಮಾಡಿದ್ದ ಒಂದು ನಿನ್ನೆ ಕೂಗಿಬಿಟ್ಟಿತು, ಅದನ್ನು ತೆಗೆದೆ. ಈ ವಯಸ್ಸಿನಲ್ಲಿ ಅವುಗಳ ಹಿಂದೆ ಓಡಿ ನನಗೆ ಸಾಕುಸಾಕಾಗಿದೆ.

ನಿಮ್ಮ ಕಾಗದದಲ್ಲಿ ನನ್ನ ಮಗಳ ಮಾತೇ ಇಲ್ಲ. ಅಕ್ಕಯಮ್ಮ ಹೆತ್ತು ಆರು ತಿಂಗಳಾಯಿತು. ಹೆಣ್ಣಾಯಿತೆಂದು ನಿಮ್ಮ ಮನೆಯವರು ಒಬ್ಬರೂ ಮಗುವಿನ ಮುಖ ನೋಡಲು ಬರಲಿಲ್ಲ. ಗಾಡಿ ಸದ್ದಾದರೆ ಅವಳು ಬಾಗಿಲಿಗೆ ಬರುತ್ತಾಳೆ.

ನನ್ನ ಹೆಂಡತಿ ಮುತ್ತಮ್ಮ, "ಮೊಮ್ಮಗಳು ಕೋಳಿಯಾಗಿ ಹುಟ್ಟಿದ್ರೆ ಬೀಗರು ಬುಟ್ಟೀಲಿಟ್ಕೊಂಡು ಓಡ್ತಿದ್ರು ಬುಡಿ" ಅಂದಳು. "ಸುಮ್ಕಿರೇ" ಎಂದು ಗದರಿದೆ. ಆದರೆ ಅವಳು ಹೇಳಿದ್ದರಲ್ಲಿ ತಪ್ಪು ಕಾಣಲಿಲ್ಲ.

ಹ್ಯಾಟೆಗಳನ್ನು ಬೇರೆ ಯಾರ ಕೈಲೂ ಕಳಿಸುವುದಿಲ್ಲ. ಸೋಮವಾರ ಅಳಿಯಂದಿರು ಗಾಡಿ ಕಟ್ಟಿಕೊಂಡು ಬರಲಿ. ಹುಲ್ಲು ದಪ್ಪಗೆ ಹಾಸಿ ಮೇಲೆ ಕಂಬಳಿ ಹಾಕಿರಲಿ, ಅಲ್ಲಿ ತಾಯಿ ಮಗು ಕೂರಬೇಕು. ಕೋಳಿಬುಟ್ಟಿ ಗಾಡಿಯ ಹಿಂಭಾಗದಲ್ಲಿಟ್ಟರಾಯಿತು.

ಮಗುವಿಗೆ ಹೆಸರಿಡುವುದು ತಾತನಾದ ನಿಮಗೆ ಸೇರಿದ್ದು ಎಂದು ನಾವು ಇಟ್ಟಿಲ್ಲ. ಅಳಿಯಂದಿರ ಹತ್ತಿರ ಹೇಳಿ ಕಳಿಸಿ. ಇಲ್ಲಿಯವರೆಗೆ ಪಾಪ ಎಂದೇ ಕರೆಯುತ್ತಿದ್ದೇವೆ, ಅದಕ್ಕೇ ತಿರುಗಿ ನೋಡುತ್ತದೆ.

ಒರಟಾಗಿ ಬರೆದಿದ್ದರೆ ಹಾಗೇ ಓದಿಕೊಳ್ಳಿ.

ಪಿಳ್ಳಪ್ಪ